ಚಿನ್ನದ ಗಣಿಗೆ ಬಣ್ಣದ ಮುಖ

ನಾಟಕ ಕಂಪನಿಗಳ ಕಾಲದಲ್ಲಿ ಪಾತ್ರ ಹಂಚುವುದೆಂದರೆ ಅರ್ಧ ನಾಟಕವನ್ನು ಆಡಿಸಿ ಮುಗಿಸಿದಷ್ಟು ಕೆಲಸ. ರಾಜಪಾರ್ಟು ಯಾರಿಗೆ, ಸ್ತ್ರೀಪಾರ್ಟು ಯಾರಿಗೆ, ಹಾಸ್ಯ ಯಾರಿಗೆ ಎಂಬುದು ಸರಿಯಾಗಿ ಇತ್ಯರ್ಥವಾಯಿತೆಂದರೆ ಮಿಕ್ಕದ್ದನ್ನು ಹಾರ್ಮೋನಿಯಂನವರೂ ಪರದೆಯವರೂ ನೋಡಿಕೊಳ್ಳುತ್ತಿದ್ದರು. ಆ ಕಾಲದ ಪ್ರೇಕ್ಷಕರು ಹೋಲಿಕೆಯ ವಿಷಯದಲ್ಲಿ ಬಹಳ ಉದಾರಿಗಳು. ಆಗತಾನೇ ಮೀಸೆ ಬೋಳಿಸಿಕೊಂಡು ಬಂದ ಗಂಡಸು ದ್ರೌಪದಿಯಾಗಿ ಸೆರಗೊಡ್ಡಿ ಅತ್ತರೆ ಅವರೂ ಅಳುತ್ತಿದ್ದರು. ವಯಸ್ಸು ಮೀರಿದ ನಟ ಅಭಿಮನ್ಯುವಾಗಿ ಬಂದರೂ ಕಂಠ ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಎನ್ನುತ್ತಿದ್ದರು. ಆದರೆ ಇದೇ ಉದಾರಿಗಳು, ರಾವಣನಾಗಿ ಬಂದವನು ರಾವಣನಂತೆ ಹೆಜ್ಜೆಯಿಡದಿದ್ದರೆ ಕ್ಷಮಿಸುತ್ತಿರಲಿಲ್ಲ. ಮುಖ ಹೋಲದಿದ್ದರೂ ನಡೆಯುತ್ತದೆ, ಪಾತ್ರದ ಕೆಲಸ ಬಾರದಿದ್ದರೆ ನಡೆಯುವುದಿಲ್ಲ ಎಂಬುದು ಕಂಪನಿಗಳ ಬರೆಯದ ಕಾನೂನಾಗಿತ್ತು.

ನಮ್ಮ ವಾಕ್ಚಿತ್ರವೂ ಈ ಕಾನೂನಿನ ನೆರಳಿನಲ್ಲಿಯೇ ಹುಟ್ಟಿತು. ೧೯೩೪ರಲ್ಲಿ ‘ಸತಿ ಸುಲೋಚನ’ ತೆರೆಗೆ ಬಂದಾಗ ಇಂದ್ರಜಿತುವಾದ ಸುಬ್ಬಯ್ಯನಾಯ್ಡು ಅವರೂ ರಾವಣನಾದ ಆರ್. ನಾಗೇಂದ್ರರಾಯರೂ ರಂಗಭೂಮಿಯಲ್ಲಿ ನುರಿತವರೇ ಆಗಿದ್ದರು. ಇಪ್ಪತ್ತು ವರ್ಷಗಳ ಮೇಲೆ, ೧೯೫೪ರಲ್ಲಿ, ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ನಾಯಕನನ್ನು ಆರಿಸಿದುದೂ ರಂಗಭೂಮಿಯಿಂದಲೇ. ಮುತ್ತುರಾಜನೆಂಬ ಆ ತರುಣನಿಗೆ ಆಗ ಭಿತ್ತಿಪತ್ರದಲ್ಲಿ ಬೆಲೆ ಬಾಳುವ ಹೆಸರಿರಲಿಲ್ಲ. ರಾಜಕುಮಾರ್ ಎಂಬ ಹೆಸರು ಬಂದುದೇ ಆ ಚಿತ್ರದಿಂದ. ಬೇಡನ ಪಾತ್ರ ಮೊದಲು, ಮುಖ ಆಮೇಲೆ. ಈ ಕ್ರಮ ತಿರುವುಮುರುವಾದಾಗ ಏನಾಗುತ್ತದೆಂಬುದನ್ನು ತಿಳಿಯಲು ಈಚಿನ ನಲವತ್ತು ವರ್ಷಗಳಲ್ಲಿ ಹುಟ್ಟಿ ಬೆಳೆದ ಒಂದು ಹೊಸ ಜಾತಿಯ ಚಿತ್ರಗಳನ್ನು ನೋಡಬೇಕು. ವೀಡಿಯೋ ಗೇಮ್‌ಗಳನ್ನು ಆಧರಿಸಿದ ಚಿತ್ರಗಳು ಅವು.

ಮನೆಯಲ್ಲಿ ಮಕ್ಕಳಿರುವವರಿಗೆ ವೀಡಿಯೋ ಗೇಮ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಅದರ ಒಂದು ಗುಣವನ್ನು ಮಾತ್ರ ಇಲ್ಲಿ ನೆನಪಿಡಬೇಕು. ಕಾದಂಬರಿಯ ನಾಯಕನನ್ನು ನಾವು ಕಲ್ಪಿಸಿಕೊಳ್ಳುತ್ತೇವೆ, ನಾಟಕದ ನಾಯಕನನ್ನು ನೋಡುತ್ತೇವೆ. ಆಟದ ನಾಯಕನಾದರೋ ನಮ್ಮ ಹೆಬ್ಬೆರಳಿನ ಅಪ್ಪಣೆಯಂತೆ ಓಡುತ್ತಾನೆ, ಹಾರುತ್ತಾನೆ, ಬೀಳುತ್ತಾನೆ, ಮತ್ತೆ ಏಳುತ್ತಾನೆ. ಆಡಿದ ಹುಡುಗ ಅವನನ್ನು ಬರಿಯ ಬಲ್ಲವನಲ್ಲ; ನೂರಾರು ಗಂಟೆಗಳ ಕಾಲ ತಾನೇ ಅವನಾಗಿ ಇದ್ದವನು. ಅಂಥ ಪಾತ್ರಕ್ಕೆ ಬೇರೊಬ್ಬರನ್ನು ತಂದು ನಿಲ್ಲಿಸಿದಾಗ ಅವನು ಕೇಳುವ ಪ್ರಶ್ನೆ ‘ಇವನ ಮುಖ ಹೋಲುತ್ತದೆಯೆ?’ ಎಂಬುದಷ್ಟೇ ಅಲ್ಲ. ‘ನನ್ನ ಜಾಗದಲ್ಲಿ ಇವನನ್ನು ನಿಲ್ಲಿಸಿದವರು ಯಾರು?’ ಎಂಬುದೂ ಹೌದು.

ಈ ಪ್ರಶ್ನೆ ಮೊದಲ ಬಾರಿಗೆ ಜೋರಾಗಿ ಎದ್ದುದು ೧೯೯೩ರಲ್ಲಿ. ಜಪಾನಿನ ನಿಂಟೆಂಡೊ ಸಂಸ್ಥೆಯ ಮಾರಿಯೋ ೧೯೮೧ರಲ್ಲಿ ‘ಡಾಂಕಿ ಕಾಂಗ್’ ಎಂಬ ಆಟದಲ್ಲಿ ಬಡಗಿಯಾಗಿ ಕಾಣಿಸಿಕೊಂಡು, ಬಳಿಕ ಕೊಳಾಯಿ ರಿಪೇರಿಯವನಾಗಿ ಪ್ರಪಂಚದ ಮಕ್ಕಳ ಸ್ನೇಹಿತನಾದವನು. ಅವನನ್ನು ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಚಿತ್ರಕ್ಕಿಳಿಸಿದಾಗ ಆ ಪಾತ್ರ ವಹಿಸಿದವರು ಇಂಗ್ಲೆಂಡಿನ ಬಾಬ್ ಹೋಸ್ಕಿನ್ಸ್. ಅವರು ಸಮರ್ಥ ನಟರೆಂಬುದರಲ್ಲಿ ಸಂದೇಹವಿಲ್ಲ. ಗಿಡ್ಡನೆಯ ದುಂಡು ಶರೀರವೂ ಪಾತ್ರಕ್ಕೆ ಒಪ್ಪುವಂತೆಯೇ ಇತ್ತು. ಆದರೆ ಚಿತ್ರ ಮಾರಿಯೋವಿನ ಕೆಲಸವನ್ನೇ ಅವರಿಂದ ಕಸಿದುಕೊಂಡಿತು. ಹಾರಿ ಕುಣಿಯುವ ಸಂತೋಷದ ಆಳನ್ನು ಕತ್ತಲೆ ನಗರದ ಗೊಣಗುಮಾರಿಯನ್ನಾಗಿ ಮಾಡಿತು. ಚಿತ್ರ ಸೋತಿತು. ೨೦೦೭ರ ಒಂದು ಸಂದರ್ಶನದಲ್ಲಿ ಹೋಸ್ಕಿನ್ಸ್ ಅವರೇ ಅದನ್ನು ತಾವು ಮಾಡಿದ ಅತಿ ಕೆಟ್ಟ ಕೆಲಸವೆಂದು ಹೇಳಿದರು.

ಮರುವರ್ಷ, ೧೯೯೪ರಲ್ಲಿ, ‘ಸ್ಟ್ರೀಟ್ ಫೈಟರ್’ ಬಂದಿತು. ಆಟದಲ್ಲಿ ಗೈಲ್ ಎಂಬವನು ಅಮೆರಿಕದ ವಾಯುಪಡೆಯ ಯೋಧ. ಚಿತ್ರದಲ್ಲಿ ಆ ಪಾತ್ರ ಬೆಲ್ಜಿಯಂ ದೇಶದ ಜಾನ್ ಕ್ಲಾಡ್ ವಾನ್ ಡಾಮ್ ಅವರಿಗೆ ಹೋಯಿತು. ಭಿತ್ತಿಪತ್ರದ ದೊಡ್ಡ ಹೆಸರು ಅವರದು. ತೋಳಿನ ಮೇಲೆ ಅಮೆರಿಕದ ಬಾವುಟ, ಬಾಯಲ್ಲಿ ಯೂರೋಪಿನ ಉಚ್ಚಾರಣೆ! ಆಟದ ನಿಜವಾದ ನಾಯಕರೆನಿಸಿದ ರಿಯು, ಕೆನ್ ಇಬ್ಬರೂ ಈ ದೊಡ್ಡ ಹೆಸರಿಗೆ ಎಡೆ ಮಾಡಿಕೊಟ್ಟು ಹಿಂದಿನ ಸಾಲಿಗೆ ಸರಿದರು. ವಿಚಿತ್ರವೆಂದರೆ ಅದೇ ಚಿತ್ರದಲ್ಲಿ ಖಳನಾಗಿ ಬಂದ ರೌಲ್ ಜೂಲಿಯಾ ಅವರನ್ನು ಜನ ಇಂದಿಗೂ ಮೆಚ್ಚುತ್ತಾರೆ. ಪೋರ್ಟೋ ರಿಕೋದಲ್ಲಿ ಹುಟ್ಟಿ ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿದ ಈ ನಟ ಆಟದ ಬೊಂಬೆಯನ್ನು ಏನೂ ಹೋಲುತ್ತಿರಲಿಲ್ಲ. ಆಗ ಅನಾರೋಗ್ಯದಿಂದ ಇಳಿದುಹೋಗಿದ್ದ ಅವರು ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು. ಆದರೂ ಪಾತ್ರದ ಕೆಲಸವನ್ನು ಅವರು ಮನಸಾರೆ ಮಾಡಿದ್ದರು. ಒಂದೇ ಚಿತ್ರದಲ್ಲಿ ತಪ್ಪು ಆಯ್ಕೆಯೂ ಸರಿಯಾದ ಆಯ್ಕೆಯೂ ಹೀಗೆ ಪಕ್ಕಪಕ್ಕದಲ್ಲಿ ನಿಂತಿವೆ.

ಹೋಲಿಕೆಯೇ ಮುಖ್ಯವಲ್ಲವೆಂಬುದಕ್ಕೆ ಆಟಗಳ ಹುಟ್ಟಿನಲ್ಲಿಯೇ ಸಾಕ್ಷಿಯಿದೆ. ೧೯೮೯ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ರಚಿಸಿದ ಜೋರ್ಡನ್ ಮೆಕ್ನರ್, ತನ್ನ ತಮ್ಮ ಓಡುವುದನ್ನೂ ನೆಗೆಯುವುದನ್ನೂ ಚಿತ್ರೀಕರಿಸಿ, ಅದನ್ನು ತಿದ್ದಿ ತೀಡಿ ರಾಜಕುಮಾರನ ನಡಿಗೆಯನ್ನಾಗಿ ಮಾಡಿದ. ಪರ್ಷಿಯಾದ ರಾಜಕುಮಾರನ ಮೈ ಅಮೆರಿಕದ ಒಬ್ಬ ಶಾಲಾ ಬಾಲಕನದು! ೨೦೦೧ರ ‘ಮ್ಯಾಕ್ಸ್ ಪೇನ್’ ಎಂಬ ಆಟದ ನಾಯಕನ ಮುಖವಂತೂ ಅದರ ಲೇಖಕ ಸ್ಯಾಮ್ ಲೇಕ್ ಅವರದೇ. ಹತ್ತಿರವಿದ್ದವರನ್ನು ಕರೆದು ನಿಲ್ಲಿಸಿದರೂ ಆಟ ಗೆದ್ದಿತು. ಆದರೆ ಈ ಎರಡೂ ಆಟಗಳು ಚಿತ್ರಗಳಾದಾಗ ಹತ್ತಿರದವರು ಯಾರಿಗೂ ನೆನಪಾಗಲಿಲ್ಲ. ೨೦೦೮ರಲ್ಲಿ ಮ್ಯಾಕ್ಸ್ ಪೇನ್ ಪಾತ್ರಕ್ಕೆ ಮಾರ್ಕ್ ವಾಲ್‌ಬರ್ಗ್ ಬಂದರು, ೨೦೧೦ರಲ್ಲಿ ಪರ್ಷಿಯಾದ ರಾಜಕುಮಾರನಾಗಿ ಜೇಕ್ ಜಿಲೆನ್‌ಹಾಲ್ ಬಂದರು. ಇರಾನಿನ ಕಥೆಯಲ್ಲಿ ಇರಾನಿನ ಮೂಲದ ಒಬ್ಬ ಮುಖ್ಯ ನಟನೂ ಇಲ್ಲವೆಂಬ ಆಕ್ಷೇಪ ಆಗಲೇ ಎದ್ದಿತು. ೨೦೨೪ರ ‘ಬಾರ್ಡರ್‌ಲ್ಯಾಂಡ್ಸ್’ನಲ್ಲಿ ಎರಡು ಆಸ್ಕರ್ ಗೆದ್ದ ಕೇಟ್ ಬ್ಲಾಂಚೆಟ್ ಅವರಂಥ ದೊಡ್ಡ ನಟಿಯೇ ಇದ್ದರೂ ಚಿತ್ರ ನೆಲಕಚ್ಚಿತು. ಆಟ ಆಡಿದವರಿಗೆ ಅಲ್ಲಿ ತಾರೆಗಳು ಕಂಡರೇ ಹೊರತು ತಮ್ಮ ಲಿಲಿತ್ ಆಗಲಿ ರೋಲೆಂಡ್ ಆಗಲಿ ಕಾಣಲಿಲ್ಲ.

ದೊಡ್ಡ ತಾರೆಯನ್ನು ತಂದರೆ ಕೆಡುತ್ತದೆಂದೇನೂ ಇದರ ಅರ್ಥವಲ್ಲ. ೨೦೦೧ರಲ್ಲಿ ಅಮೆರಿಕದ ಏಂಜಲೀನಾ ಜೋಲಿ ಅವರು ಇಂಗ್ಲಿಷ್ ಹೆಣ್ಣಾದ ಲಾರಾ ಕ್ರಾಫ್ಟ್ ಆಗಿ ಬಂದಾಗ ಆಟದವರೂ ಒಪ್ಪಿದರು, ಆಡದವರೂ ಒಪ್ಪಿದರು. ಹಗ್ಗ ಹಿಡಿದು ತೂಗುವ, ಗೋಡೆಯಿಂದ ಗೋಡೆಗೆ ನೆಗೆಯುವ ಆ ಪಾತ್ರದ ಕೆಲಸ ಅವರ ಮೈಯಲ್ಲಿತ್ತು. ಆದುದರಿಂದ ಕೆಟ್ಟ ಆಯ್ಕೆಗೆ ಕಾರಣ ನಟನ ದೇಶವೂ ಅಲ್ಲ, ವಯಸ್ಸೂ ಅಲ್ಲ, ಕೀರ್ತಿಯೂ ಅಲ್ಲ. ಪಾತ್ರಕ್ಕೆ ಮುಖವನ್ನು ಹುಡುಕುವ ಬದಲು, ಕೈಯಲ್ಲಿರುವ ಮುಖಕ್ಕೆ ಪಾತ್ರವನ್ನು ಕತ್ತರಿಸಿ ಹೊಲಿದಾಗ ಈ ಅನರ್ಥ ಒದಗುತ್ತದೆ. ಹಾಗೆ ಕತ್ತರಿಸುವಾಗ ಮೊದಲು ಬಿದ್ದುಹೋಗುವುದು ಪಾತ್ರದ ಕೆಲಸವೇ.

ಇಷ್ಟು ದೂರದ ಸಮಾಚಾರವನ್ನು ಇಲ್ಲಿ ಹೇಳಿದುದಕ್ಕೆ ಕಾರಣ ಬಹಳ ಹತ್ತಿರದಲ್ಲಿದೆ. ಕನ್ನಡದಲ್ಲಿ ಆಟದ ಕಟ್ಟಡವನ್ನು ಅತ್ಯಂತ ಹೋಲುವ ಚಿತ್ರ ಯಾವುದೆಂದು ಕೇಳಿದರೆ ‘ಕೆ.ಜಿ.ಎಫ್.’ ಎಂದೇ ಹೇಳಬೇಕು. ಅದು ಯಾವ ವೀಡಿಯೋ ಗೇಮ್‌ನಿಂದಲೂ ಹುಟ್ಟಿದುದಲ್ಲ. ಆದರೂ ನಾಯಕ ಮುಂಬಯಿಯ ಒಂದು ಹಂತವನ್ನು ಗೆದ್ದು, ಬೆಂಗಳೂರಿನ ಇನ್ನೊಂದು ಹಂತಕ್ಕೆ ಬಂದು, ಕಡೆಗೆ ನರಾಚಿಯೆಂಬ ಕೋಟೆಯ ಕಾವಲನ್ನು ಒಂದೊಂದಾಗಿ ಭೇದಿಸುವ ಕ್ರಮ ಆಟದ ಕ್ರಮವೇ. ಇನ್ನೊಂದು ಹೋಲಿಕೆಯೂ ಇದೆ. ಆ ಆಟಗಳಂತೆಯೇ ಈ ಚಿತ್ರದ ಹೆಸರಿನ ಹಿಂದೆಯೂ ಆ ಪಾತ್ರಗಳಾಗಿ ತಾವೇ ಬದುಕಿದ ಜನರಿದ್ದಾರೆ. ಅವರು ಬದುಕಿದುದು ಹೆಬ್ಬೆರಳಿನಿಂದಲ್ಲ, ಇಡೀ ಮೈಯಿಂದ.

ಬಂಗಾರಪೇಟೆಯಲ್ಲಿ ಮುಖ್ಯ ರೈಲುದಾರಿಯನ್ನು ಬಿಟ್ಟು ಮಾರಿಕುಪ್ಪದ ಕಡೆಗೆ ಹೊರಳುವ ಪುಟ್ಟ ಶಾಖೆಯಲ್ಲಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಸಿಗುತ್ತವೆ. ಕಡಲತೀರದ ಹೆಸರು ಕೋಲಾರದ ಬಂಡೆನೆಲದಲ್ಲಿ ಬಂದು ನಿಂತಿರುವುದನ್ನು ಕಂಡು ಹೊಸಬರಿಗೆ ಬೆರಗಾಗುತ್ತದೆ. ಗಣಿಯ ಕಾಲದ ಹೆಸರುಗಳು ಹೀಗೆಯೇ ಇಲ್ಲಿ ಉಳಿದುಕೊಂಡಿವೆ. ೧೮೦೨ರಲ್ಲಿ ಜಾನ್ ವಾರನ್ ಎಂಬ ಅಧಿಕಾರಿ ಈ ಸೀಮೆಯ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ವರದಿ ಬರೆದ. ಎಪ್ಪತ್ತು ವರ್ಷಗಳ ಮೇಲೆ ಲ್ಯಾವೆಲ್ ಎಂಬ ಐರಿಷ್ ಸಿಪಾಯಿ ಮೈಸೂರು ಸರ್ಕಾರದಿಂದ ಅಗೆಯುವ ಹಕ್ಕನ್ನು ಪಡೆದ. ೧೮೮೦ರಿಂದಾಚೆಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕಾಲ ಆರಂಭವಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದುದೂ ಈ ಗಣಿಗಳಿಗಾಗಿಯೇ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಾದ ಮೇಲೆ.

ಈ ಕಂಪನಿಯೂ ಪಾತ್ರಗಳನ್ನು ಹಂಚಿತ್ತು. ನಾಟಕ ಕಂಪನಿ ಕಂಠವನ್ನು ನೋಡಿ ಹಂಚಿದರೆ ಗಣಿ ಕಂಪನಿ ಹುಟ್ಟನ್ನು ನೋಡಿ ಹಂಚಿತು. ಮೇಲ್ವಿಚಾರಣೆಗೆ ಇಂಗ್ಲೆಂಡಿನವರು, ಅವರಲ್ಲಿ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಅನೇಕರು. ಅವರ ಕೆಳಗೆ ಆಂಗ್ಲೋ ಇಂಡಿಯನ್ನರು. ಕಾವಲಿಗೆ ಪಂಜಾಬಿಗಳು. ನೆಲದಡಿಯ ದುಡಿತಕ್ಕೆ ಮುಖ್ಯವಾಗಿ ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದ ತಮಿಳು, ತೆಲುಗು ಜನ. ಹೆಚ್ಚಿನವರು ತಮ್ಮ ಹಳ್ಳಿಗಳಲ್ಲಿ ಅಸ್ಪೃಶ್ಯರೆನಿಸಿ ಊರಾಚೆ ಇಡಲ್ಪಟ್ಟಿದ್ದವರು. ಸಾಹೇಬರಿಗೆ ಬಂಗಲೆ, ಕ್ಲಬ್ಬು, ಗಾಲ್ಫಿನ ಮೈದಾನ. ಕೂಲಿಗಳಿಗೆ ತಟ್ಟಿಯ ಗೋಡೆಯ ಸಾಲುಮನೆಗಳು. ಈ ಸಾಲುಗಳಿಗೆ ‘ಲೈನ್’ ಎಂದು ಹೆಸರು, ಇಂದಿಗೂ ವಿಳಾಸದಲ್ಲಿ ಅದೇ ಹೆಸರು. ಒಬ್ಬನ ಸಾಮರ್ಥ್ಯ ಎಷ್ಟೇ ಇರಲಿ, ಹುಟ್ಟಿನೊಂದಿಗೆ ಬಂದ ಪಾರ್ಟನ್ನು ಅವನು ಕಡೆಯವರೆಗೂ ಆಡಬೇಕಾಗಿತ್ತು.

ಆಡಿದರು, ಆದರೆ ಕಂಪನಿ ಬರೆದುಕೊಟ್ಟಂತೆಯೇ ಆಡಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪದಲ್ಲಿ ಅಯೋತಿ ದಾಸರ ಬೌದ್ಧ ಚಳವಳಿಯ ಶಾಖೆ ಏರ್ಪಟ್ಟಿತು. ಹಗಲೆಲ್ಲ ಬಂಡೆ ಕೊರೆದವರು ಸಂಜೆ ಪತ್ರಿಕೆ ಓದಿ ಬುದ್ಧನ ಮಾತನ್ನು ಚರ್ಚಿಸಿದರು. ೧೯೩೦ರಲ್ಲಿ ಕೆಲಸಗಾರರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ಕಂಪನಿ ತಂದಾಗ ಸಾವಿರಾರು ಮಂದಿ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಕಳ್ಳರಿಂದ ತೆಗೆದುಕೊಳ್ಳುವ ಗುರುತನ್ನು ದುಡಿಯುವವರಿಂದ ತೆಗೆದುಕೊಳ್ಳಬೇಡಿ ಎಂಬುದು ಆ ಮುಷ್ಕರದ ತಿರುಳು. ತಮಗೆ ಹಂಚಿದ ಪಾತ್ರ ತಪ್ಪೆಂದು ಅಷ್ಟು ಜನ ಒಟ್ಟಾಗಿ ಹೇಳಿದ ಘಟನೆಗಳು ನಮ್ಮ ನಾಡಿನ ಇತಿಹಾಸದಲ್ಲಿ ಹೆಚ್ಚಿಲ್ಲ.

ಅವರ ಕೆಲಸವಾದರೂ ಎಂಥದು! ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು ೩,೨೦೦ ಮೀಟರು, ಎಂದರೆ ಎರಡು ಮೈಲಿ, ಆಳಕ್ಕೆ ಇಳಿದಿತ್ತು. ಒಂದು ಕಾಲಕ್ಕೆ ಪ್ರಪಂಚದ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿ ಅದರ ಹೆಸರಿತ್ತು. ಅಷ್ಟು ಕೆಳಗೆ ಬಂಡೆಯೇ ಮುಟ್ಟಲಾರದಷ್ಟು ಬಿಸಿ. ತಂಪು ಮಾಡಿದ ಗಾಳಿಯನ್ನು ಮೇಲಿನಿಂದ ಒತ್ತಿ ಕಳಿಸಬೇಕು. ಒತ್ತಡ ತಾಳಲಾರದೆ ಬಂಡೆ ಒಮ್ಮೆಗೇ ಸಿಡಿಯುವುದುಂಟು. ಗಣಿಯವರು ಅದನ್ನು ‘ರಾಕ್ ಬರ್ಸ್ಟ್’ ಎನ್ನುತ್ತಾರೆ. ಮೇಲೆ ಮನೆಗಳಲ್ಲಿ ಪಾತ್ರೆಗಳು ಅದುರಿದಾಗ ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಕೊರೆಯುವವನು, ಸಿಡಿಮದ್ದು ತುಂಬುವವನು, ಮರದ ಆಸರೆ ಕಟ್ಟುವವನು, ಅದಿರು ತುಂಬುವವನು, ಪಂಜರದಂಥ ಲಿಫ್ಟನ್ನು ಏರಿಸಿ ಇಳಿಸುವವನು, ಹೀಗೆ ಒಂದೊಂದೂ ಬೇರೆ ಬೇರೆ ವಿದ್ಯೆ. ೧೯೫೬ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ೧೯೬೨ರಲ್ಲಿ ಅವು ಕೇಂದ್ರಕ್ಕೆ ಸೇರಿದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ೨೦೦೧ರ ಫೆಬ್ರವರಿ ೨೮ರಂದು ಬಾಗಿಲು ಹಾಕಿತು.

ಇನ್ನು ಚಿತ್ರಕ್ಕೆ ಬರೋಣ. ‘ಕೆ.ಜಿ.ಎಫ್.’ ಮೊದಲ ಭಾಗ ೨೦೧೮ರ ಡಿಸೆಂಬರಿನಲ್ಲಿಯೂ ಎರಡನೆಯ ಭಾಗ ೨೦೨೨ರ ಏಪ್ರಿಲಿನಲ್ಲಿಯೂ ತೆರೆಕಂಡವು. ಎರಡನೆಯದರ ಗಳಿಕೆ ಸಾವಿರ ಕೋಟಿ ರೂಪಾಯಿಯನ್ನು ಮೀರಿತು. ಕನ್ನಡ ಚಿತ್ರವೊಂದು ಇಡೀ ದೇಶವನ್ನು ತನ್ನ ಕಡೆಗೆ ತಿರುಗಿಸಿಕೊಂಡುದು ಸಣ್ಣ ಸಂಗತಿಯಲ್ಲ. ನಿರ್ದೇಶಕ ಪ್ರಶಾಂತ್ ನೀಲ್ ಅವರಿಗೆ ಅದರ ಯಶಸ್ಸು ಸಲ್ಲಲೇಬೇಕು. ಪಾತ್ರ ಹಂಚಿಕೆಯಲ್ಲಿಯೂ ಅವರು ಅನೇಕ ಕಡೆ ಹಳೆಯ ಕಂಪನಿ ಮಾಲೀಕರ ಜಾಣತನವನ್ನು ತೋರಿಸಿದ್ದಾರೆ. ರಾಕಿಯಾದ ಯಶ್ ಅವರ ನಡಿಗೆಯೇ ಪಾತ್ರವನ್ನು ಹೊತ್ತಿದೆ. ಗರುಡನೆಂಬ ಖಳನಾಗಿ ಬಂದ ರಾಮಚಂದ್ರ ರಾಜು ನಟರೇ ಆಗಿರಲಿಲ್ಲ, ಯಶ್ ಅವರ ಅಂಗರಕ್ಷಕರಾಗಿದ್ದವರು. ಹತ್ತಿರವಿದ್ದ ಆ ಮುಖದಲ್ಲಿ ಪಾತ್ರವನ್ನು ಕಂಡ ಕಣ್ಣು ನಿರ್ದೇಶಕರದು. ರಾಕಿಯ ತಾಯಿಯಾದ ಅರ್ಚನಾ ಜೋಯಿಸ್ ಅವರು ವಯಸ್ಸಿನಲ್ಲಿ ಯಶ್ ಅವರಿಗಿಂತ ಕಿರಿಯರು. ತಾಯಿ ಎಳೆಯ ಪ್ರಾಯದಲ್ಲೇ ತೀರಿಹೋದವಳಾದುದರಿಂದ ಅದೂ ಒಪ್ಪುತ್ತದೆ. ೨೦೨೨ರ ಡಿಸೆಂಬರಿನಲ್ಲಿ ಕಾಲವಾದ ಕೃಷ್ಣ ಜಿ. ರಾವ್ ಅವರು ಕುರುಡ ಮುದುಕನಾಗಿ ಬಂದ ಕೆಲವೇ ದೃಶ್ಯಗಳಿಂದ ನಾಡಿಗೆಲ್ಲ ‘ಕೆ.ಜಿ.ಎಫ್. ತಾತ’ ಆಗಿಬಿಟ್ಟರು.

ಎರಡನೆಯ ಭಾಗದಲ್ಲಿ ಆಯ್ಕೆಯ ಗಾಳಿ ಸ್ವಲ್ಪ ಬದಲಾಯಿತು. ಮೊದಲ ಭಾಗದಲ್ಲಿ ಕಥೆ ಹೇಳಿದ ಅನಂತನಾಗ್ ಅವರ ಜಾಗಕ್ಕೆ ಪ್ರಕಾಶ್ ರಾಜ್ ಬಂದರು. ಅವರು ಹಳೆಯ ಬರಹಗಾರನ ಮಗನೆಂದು ಕಥೆಯಲ್ಲಿಯೇ ಹೊಂದಿಸಿಕೊಂಡುದರಿಂದ ಮುಖ ಬದಲಾದುದು ಅಷ್ಟಾಗಿ ಕಾಡಲಿಲ್ಲ. ಖಳ ಅಧೀರನಾಗಿ ಸಂಜಯ್ ದತ್, ಪ್ರಧಾನಿಯಾಗಿ ರವೀನಾ ಟಂಡನ್ ಬಂದರು. ಇಬ್ಬರೂ ಹಿಂದೀ ಚಿತ್ರರಂಗದ ದೊಡ್ಡ ಹೆಸರುಗಳು. ದೇಶದ ಮಾರುಕಟ್ಟೆಯ ಲೆಕ್ಕಾಚಾರ ಇದರಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಹೋಸ್ಕಿನ್ಸರಿಗೆ ಆದ ಅನರ್ಥ ಇವರಿಗೆ ಆಗಲಿಲ್ಲ. ರವೀನಾ ಟಂಡನ್ ಅವರ ಬಿಗುಮುಖ ಆ ಗದ್ದುಗೆಗೆ ಒಪ್ಪಿತು.

ಹಾಗಾದರೆ ತಪ್ಪೆಲ್ಲಿ? ತಪ್ಪು ತಾರೆಗಳ ಪಟ್ಟಿಯಲ್ಲಿಲ್ಲ, ಅದರ ಹಿಂದಿನ ಗುಂಪಿನಲ್ಲಿದೆ. ಚಿತ್ರದ ನರಾಚಿ ಕಲ್ಪನೆಯ ಊರು, ಅದರ ಒಡೆಯ ಕಲ್ಪನೆಯ ಒಡೆಯ. ಕಥೆಗಾರನಿಗೆ ಆ ಸ್ವಾತಂತ್ರ್ಯವನ್ನು ನಿರಾಕರಿಸುವುದು ಅರಸಿಕತನ. ಆದರೆ ಚಿತ್ರ ಇಟ್ಟುಕೊಂಡ ಹೆಸರು ಕೋಲಾರದ ಚಿನ್ನದ ಗಣಿಯದು. ಬೂದುಬಣ್ಣದ ದಿಬ್ಬಗಳ ನಡುವೆ ಚಿತ್ರೀಕರಿಸಿದುದೂ ಇಲ್ಲಿಯೇ. ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಮಿಕ್ಕ ಪುಡಿಯ ರಾಶಿ ಅದು. ಗಾಳಿ ಬೀಸಿದಾಗ ಅದರ ಧೂಳು ಊರಿನ ಅನ್ನದ ತಟ್ಟೆಗೂ ಬೀಳುತ್ತದೆ. ಆ ದಿಬ್ಬಗಳ ಮುಂದೆ ನಿಂತ ಗಣಿಗಾರರ ಗುಂಪು ಚಿತ್ರದಲ್ಲಿ ಮಾಡುವುದೇನು? ಚಾಟಿಯೇಟು ತಿನ್ನುತ್ತದೆ, ಮಣ್ಣು ಹೊರುತ್ತದೆ, ಉದ್ಧಾರಕನಿಗಾಗಿ ಕಾಯುತ್ತದೆ. ಕೊರೆಯುವವನ ಕೈಚಳಕ, ಆಸರೆ ಕಟ್ಟುವವನ ಎಚ್ಚರ, ಸಂಘದ ಸಭೆ, ಸಂಬಳದ ದಿನದ ಸಂತೆ ಇವೊಂದೂ ಅಲ್ಲಿಲ್ಲ. ಕಥೆ ನಡೆಯುವ ಎಪ್ಪತ್ತರ ದಶಕದ ಕೊನೆಯಲ್ಲಿ ನಿಜವಾದ ಕೆ.ಜಿ.ಎಫ್. ಕೇಂದ್ರ ಸರ್ಕಾರದ ಸಂಸ್ಥೆಯಾಗಿತ್ತು. ಕಾರ್ಮಿಕ ಸಂಘಗಳು ಗೇಟಿನ ಬಳಿ ಬಾವುಟ ಕಟ್ಟುತ್ತಿದ್ದವು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಮೂರು ವಾರದ ಮುಷ್ಕರ ಹೂಡಿದವರ ಮೊಮ್ಮಕ್ಕಳನ್ನು ಚಿತ್ರ ಬಾಯಿಲ್ಲದ ಗುಲಾಮರ ಪಾತ್ರಕ್ಕೆ ಹಾಕಿತು.

ಭಾಷೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಚಿತ್ರ ಐದು ಭಾಷೆಗಳಲ್ಲಿ ಬಿಡುಗಡೆಯಾಯಿತು. ಗಣಿಗಾರರ ಮನೆಯ ತಮಿಳು, ತೆಲುಗುಗಳು ಕೇಳಿಸಿದುದು ಆಯಾ ಭಾಷೆಯ ಡಬ್ಬಿಂಗ್ ಪ್ರತಿಯಲ್ಲಿ. ಕನ್ನಡದ ಪ್ರತಿಯಲ್ಲಿಯೇ, ಕನ್ನಡದ ನೆಲದಲ್ಲಿ ನೂರು ವರ್ಷಕ್ಕೂ ಮೇಲೆ ದುಡಿದ ಈ ಬೆರಕೆ ನುಡಿಯ ಜನರನ್ನು ಅವರ ನುಡಿಯೊಂದಿಗೇ ತೋರಿಸಿದ್ದರೆ ಕನ್ನಡಕ್ಕೆ ಏನು ಕಡಮೆಯಾಗುತ್ತಿತ್ತು? ತಪ್ಪು ನಟನನ್ನು ಆರಿಸಿದರೆ ಪ್ರೇಕ್ಷಕನಾದರೂ ನಗುತ್ತಾನೆ, ಗೊಣಗುತ್ತಾನೆ, ಪತ್ರಿಕೆಗೆ ಬರೆಯುತ್ತಾನೆ. ಆದರೆ ಪಾತ್ರವನ್ನೇ ಬರೆಯದೆ ಬಿಟ್ಟಾಗ ಯಾರಿಗೂ ಅದು ಕಾಣುವುದೇ ಇಲ್ಲ. ಕೆ.ಜಿ.ಎಫ್.ನ ಪಾತ್ರ ಹಂಚಿಕೆಯ ದೊಡ್ಡ ಲೋಪ ಇದೇ.

೨೦೨೪ರ ಆಗಸ್ಟ್ ೧೫ರಂದು ತಮಿಳಿನಲ್ಲಿ ಪಾ. ರಂಜಿತ್ ಅವರ ‘ತಂಗಲಾನ್’ ಬಿಡುಗಡೆಯಾದಾಗ ಇದೇ ಗಣಿಗೆ ಬೇರೊಂದು ರೀತಿಯ ಹಂಚಿಕೆ ದೊರೆಯಿತು. ಇಲ್ಲಿ ನಾಯಕನೇ ಉತ್ತರ ಆರ್ಕಾಟಿನಿಂದ ಚಿನ್ನ ಹುಡುಕಲು ಹೊರಟ ಕೂಲಿಯವನು. ವಿಕ್ರಂ ಆ ಪಾತ್ರವನ್ನು ಮಣ್ಣಿನಲ್ಲಿ ಹೊರಳಾಡಿ ಮಾಡಿದ್ದಾರೆ. ತಾರೆಯಾದರೂ ಅವರಲ್ಲಿ ಪಾತ್ರದ ಕೆಲಸ ಬಿದ್ದುಹೋಗಿಲ್ಲ. ಹೆಂಡತಿ ಗಂಗಮ್ಮನಾದ ಪಾರ್ವತಿ ತಿರುವೋತ್ತು ಅವರೂ ಹಾಗೆಯೇ. ಬುದ್ಧನ ಮೂರ್ತಿಯನ್ನು ಕಥೆಯೊಳಗೆ ತಂದುದು, ಮಾರಿಕುಪ್ಪದ ಇತಿಹಾಸ ಬಲ್ಲವರಿಗೆ ಸುಮ್ಮನೆ ಸೇರಿಸಿದ ಅಲಂಕಾರವೆನಿಸುವುದಿಲ್ಲ. ಈ ಚಿತ್ರದಲ್ಲಿಯೂ ಕೊರತೆಗಳಿವೆ. ಕಥೆಯನ್ನು ೧೮೫೦ರ ಸುಮಾರಿಗೆ ಹಿಂದೂಡಿದುದರಿಂದ ಕಂಪನಿಯ ಕಾಲದ ನಿಜವಾದ ಗಣಿ ಇಲ್ಲಿಯೂ ತೆರೆಗೆ ಬರಲಿಲ್ಲ. ಪುರಾಣದ ಮಂತ್ರಗಾತಿ, ಹಾವು, ಕನಸುಗಳು ಕೆಲವೊಮ್ಮೆ ಗುದ್ದಲಿಯ ಸದ್ದನ್ನು ಮುಚ್ಚುತ್ತವೆ. ಗಳಿಕೆಯಲ್ಲಿಯೂ ಅದು ಕನ್ನಡ ಚಿತ್ರದ ಹತ್ತಿರ ಬರಲಿಲ್ಲ. ಆದರೂ ಗುಂಪಿನಲ್ಲಿದ್ದವನನ್ನು ಮುಂದಕ್ಕೆ ಕರೆದು ಹೆಸರು ಕೊಟ್ಟಿತು.

ಕನ್ನಡಕ್ಕೆ ಈ ವಿದ್ಯೆ ಹೊಸದೇನೂ ಅಲ್ಲ. ೧೯೭೦ರ ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡರೂ ನಾರಣಪ್ಪನಾಗಿ ಪಿ. ಲಂಕೇಶರೂ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಅವರೂ ಬಂದಾಗ ಅವರಲ್ಲಿ ಯಾರೂ ಚಿತ್ರತಾರೆಯರಾಗಿರಲಿಲ್ಲ. ೧೯೭೫ರ ‘ಚೋಮನ ದುಡಿ’ಯಲ್ಲಿ ಎಂ.ವಿ. ವಾಸುದೇವರಾಯರು ಚೋಮನಾದರು. ಆ ಬತ್ತಿದ ಮೈ, ದುಡಿಯನ್ನು ಅಪ್ಪಿದ ಕೈಗಳು ಅವರಿಗೆ ರಾಷ್ಟ್ರಪ್ರಶಸ್ತಿಯನ್ನು ತಂದವು. ಕಾರಂತರ ಕಾದಂಬರಿಯನ್ನು ಓದಿದವರು ತಮ್ಮ ಮನಸ್ಸಿನ ಚೋಮನನ್ನು ಬಿಟ್ಟುಕೊಟ್ಟು ಈ ಚೋಮನನ್ನು ಒಪ್ಪಿಕೊಂಡರು. ಅಂದು ಬಿ.ವಿ. ಕಾರಂತರ ಕೈಯಲ್ಲಿದ್ದ ಹಣ, ಇಂದು ಒಂದು ಹೊಡೆದಾಟದ ದೃಶ್ಯಕ್ಕೆ ಖರ್ಚಾಗುವ ಹಣಕ್ಕೆ ಹೋಲಿಸಿದರೆ ಚಿಲ್ಲರೆ. ಆದುದರಿಂದ ಸರಿಯಾದ ಮುಖ ಸಿಗದಿರುವುದಕ್ಕೆ ಹಣದ ಅಭಾವ ಕಾರಣವಲ್ಲ.

ಇದು ಬರಿಯ ರಸಾಸ್ವಾದನೆಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಆಟದ ಮಾರಿಯೋ ಒಂದು ಚಿತ್ರದಲ್ಲಿ ಕೆಟ್ಟರೆ ಮತ್ತೊಂದರಲ್ಲಿ ಚೇತರಿಸಿಕೊಳ್ಳಬಲ್ಲ. ೨೦೨೩ರಲ್ಲಿ ಅವನ ವ್ಯಂಗ್ಯಚಿತ್ರರೂಪದ ಚಲಚ್ಚಿತ್ರ ಬಂದು ನೂರು ಕೋಟಿ ಡಾಲರಿಗೂ ಮೀರಿ ಗಳಿಸಿತು. ಅವನ ಧ್ವನಿಗೆ ಕ್ರಿಸ್ ಪ್ರ್ಯಾಟ್ ಅವರನ್ನು ಆರಿಸಿದುದಕ್ಕೆ ಮೊದಲು ಗೊಣಗಿದವರೂ ಟಿಕೆಟ್ಟು ಕೊಂಡರು. ಗಣಿಗಾರನಿಗೆ ಆ ಅನುಕೂಲವಿಲ್ಲ. ಗಣಿ ಮುಚ್ಚಿ ಕಾಲು ಶತಮಾನವಾಗುತ್ತ ಬಂದಿತು. ಎರಡು ಮೈಲಿ ಆಳದಲ್ಲಿ ಕೆಲಸ ಮಾಡಿದವರಲ್ಲಿ ಉಳಿದವರು ವರ್ಷವರ್ಷವೂ ಕಡಮೆಯಾಗುತ್ತಿದ್ದಾರೆ. ಶಾಫ್ಟುಗಳಲ್ಲಿ ನೀರು ತುಂಬಿದೆ. ದೂರದೂರುಗಳ ತರುಣರು ಸೈನೈಡ್ ದಿಬ್ಬವನ್ನು ಹುಡುಕಿಕೊಂಡು ಬರುತ್ತಾರೆ. ಅವರ ಪಾಲಿಗೆ ಕೆ.ಜಿ.ಎಫ್. ಎಂದರೆ ರಾಕಿಯ ಊರು. ಇಲ್ಲಿ ಯಾರು, ಯಾವ ಕೆಲಸವನ್ನು, ಹೇಗೆ ಮಾಡಿದರು ಎಂಬುದಕ್ಕೆ ಮುಂದಿನ ತಲೆಮಾರಿನ ಕಣ್ಣಿಗೆ ಉಳಿಯುವ ಪುರಾವೆ ಚಿತ್ರವೇ ಆಗಿಬಿಟ್ಟರೆ, ಅಲ್ಲಿ ಇಲ್ಲದವರು ಇತಿಹಾ‌ಸದಲ್ಲಿಯೂ ಇರಲಿಲ್ಲವೆಂದಾಗುತ್ತದೆ.

ಕೆ.ಜಿ.ಎಫ್. ಮೇಲೆ ಇನ್ನೂ ಚಿತ್ರಗಳು ಬರುತ್ತವೆ. ಹೆಸರಿಗೆ ಅಷ್ಟು ಬೆಲೆ ಬಂದಿದೆ. ಬರಲಿ, ಬೇಡವೆನ್ನುವವರಾರು? ರಾಜಪಾರ್ಟಿಗೆ ಯಾವ ತಾರೆಯನ್ನಾದರೂ ತರಲಿ. ಆದರೆ ಕೊರೆಯುವವನ ಪಾರ್ಟು, ಆಸರೆ ಕಟ್ಟುವವನ ಪಾರ್ಟು, ಬಂಡೆ ಸಿಡಿದ ರಾತ್ರಿ ಶಾಫ್ಟಿನ ಬಾಯಿಯಲ್ಲಿ ನಿಂತ ಹೆಣ್ಣಿನ ಪಾರ್ಟು ಇವನ್ನು ಮೊದಲು ಬರೆಯಲಿ. ಬರೆದ ಮೇಲೆ ಮುಖಗಳಿಗಾಗಿ ಬಹಳ ದೂರ ಹೋಗಬೇಕಾಗಿಲ್ಲ. ಗಣಿ ಮುಚ್ಚಿದ ಮೇಲೆ ಊರಿನ ಸಾವಿರಾರು ಜನ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಊಟದ ಡಬ್ಬಿ ಹಿಡಿದು, ಮೂರು ಭಾಷೆಗಳಲ್ಲಿ ಹರಟುತ್ತ, ಕೋರಮಂಡಲ್ಲಿನಲ್ಲಿಯೂ ಊರಿಗಾಮಿನಲ್ಲಿಯೂ ಅವರು ಗಾಡಿ ಹತ್ತುತ್ತಾರೆ. ಪಾತ್ರ ಹಂಚುವವರು ಒಂದು ದಿನ ಆ ಗಾಡಿಯಲ್ಲಿ ಪ್ರಯಾಣ ಮಾಡುವುದು ಒಳ್ಳೆಯದು.